ತಂದೆ ಅಜ್ಞಾತ: ಪೋರ್ಚುಗೀಸ್ ಚರ್ಚಿನ ಹಳೆಯ ಪುಸ್ತಕಗಳಲ್ಲಿ ಮದುವೆಯಾಚೆ ಹುಟ್ಟಿದ ಮಕ್ಕಳು

ಪೋರ್ಚುಗಲ್ಲಿನಲ್ಲಾಗಲಿ ಗೋವೆಯಲ್ಲಾಗಲಿ ಹಳೆಯ ಚರ್ಚಿನ ಜ್ಞಾನಸ್ನಾನದ ಪುಸ್ತಕವನ್ನು ತೆರೆದರೆ ಪುಟದ ಮೇಲೆ ಪುಟ ಒಂದೇ ಬಗೆಯ ವಾಕ್ಯ ಸಿಗುತ್ತದೆ. ಇಂಥ ದಿನ, ಇಂಥ ಚರ್ಚಿನಲ್ಲಿ, ಇಂಥ ಪಾದ್ರಿಯಾದ ನಾನು ಇಂಥವರ ಮಗುವಿಗೆ ಜ್ಞಾನಸ್ನಾನ ಮಾಡಿಸಿ ಪವಿತ್ರ ತೈಲ ಹಚ್ಚಿದೆ. ಜ್ಞಾನತಂದೆ ಇಂಥವನು, ಜ್ಞಾನತಾಯಿ ಇಂಥವಳು ಎಂದು ಬರೆದು ಕೆಳಗೆ ಪಾದ್ರಿ ರುಜು ಹಾಕಿರುತ್ತಾನೆ. ಈ ಸಾಲುಗಳ ನಡುವೆ, ಮಗುವಿನ ಹೆಸರಾದ ಕೂಡಲೇ, ಆ ಮಗು ಯಾವ ಬಗೆಯ ಮಗು ಎಂದು ಹೇಳುವ ಒಂದು ಪದ ಬರುತ್ತದೆ. ಬಹಳಷ್ಟು ಕಡೆ ಅದು ‘ಲೆಜಿತಿಮು’, ಅಂದರೆ ಧರ್ಮಸಮ್ಮತ ಮದುವೆಯಿಂದ ಹುಟ್ಟಿದ್ದು. ಆ ಪದ ಇಲ್ಲದ ಕಡೆ ಬೇರೆ ಪದಗಳಿರುತ್ತವೆ. ಅವು ಕಾನೂನು, ಆಸ್ತಿ, ಧರ್ಮ ಮೂರನ್ನೂ ಒಟ್ಟಿಗೆ ಹೊತ್ತು ಒಂದು ಹಸುಗೂಸಿನ ಮೇಲೆ ಬಂದು ಕೂರುತ್ತವೆ. ಆ ಪದಗಳ ಬಗ್ಗೆ ಬರೆಯಬೇಕೆಂದು ಬಹುಕಾಲದಿಂದ ಅಂದುಕೊಂಡಿದ್ದೆ.

ನಾನು ಕಲಬುರಗಿಯ ಪದವಿ ಕಾಲೇಜೊಂದರಲ್ಲಿ ಇತಿಹಾಸದ ಪಾಠ ಮಾಡುವವನು. ನಮ್ಮ ಭಾಗಕ್ಕೂ ಪೋರ್ಚುಗೀಸರಿಗೂ ಏನು ಸಂಬಂಧ ಎಂದು ವಿದ್ಯಾರ್ಥಿಗಳು ಕೇಳಿದಾಗ, 1472ರಲ್ಲಿ ಗೋವೆಯನ್ನು ವಿಜಯನಗರದಿಂದ ಗೆದ್ದು ಬಹಮನಿ ರಾಜ್ಯಕ್ಕೆ ಸೇರಿಸಿದವನು ಬೀದರಿನ ಮದರಸಾ ಕಟ್ಟಿಸಿದ ಮಹಮೂದ್ ಗವಾನನೇ ಎಂದು ನೆನಪಿಸುತ್ತೇನೆ. ಬಹಮನಿ ರಾಜ್ಯ ಒಡೆದಾಗ ಗೋವೆ ಬಿಜಾಪುರದ ಆದಿಲಶಾಹಿಗಳ ಪಾಲಾಯಿತು, 1510ರಲ್ಲಿ ಅಫೊನ್ಸೊ ದ ಅಲ್ಬುಕರ್ಕ್‌ನ ಕೈಸೇರಿತು. ಆದರೆ ಚರ್ಚಿನ ದಾಖಲೆಗಳನ್ನು ನಾನು ಓದತೊಡಗಿದ್ದು ಈ ರಾಜಕೀಯ ಚರಿತ್ರೆಯ ಕಾರಣಕ್ಕಲ್ಲ. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲುದಾರಿ ಪೂರ್ತಿಯಾದ ಮೇಲೆ ಹೊರಗಿನಿಂದ ಕೆಲಸಕ್ಕೆ ಬಂದು ವಾಡಿ ಜಂಕ್ಷನ್ನಿನಲ್ಲಿ ನೆಲೆಸಿದ ಕುಟುಂಬಗಳಲ್ಲಿ ಗೋವೆ ಮೂಲದ ಒಂದು ಕ್ರೈಸ್ತ ಮನೆತನದ ಪರಿಚಯ ನನಗಿದೆ. ಆ ಮನೆಯ ಹಿರಿಯರು, ರೈಲ್ವೆಯಿಂದ ನಿವೃತ್ತರಾದವರು, ತಮ್ಮ ಮುತ್ತಜ್ಜನ ಜ್ಞಾನಸ್ನಾನದ ದಾಖಲೆಯ ಪ್ರತಿಯನ್ನು ತರಿಸಿಕೊಂಡು ಓದಿಸಲು ನನ್ನ ಹತ್ತಿರ ತಂದರು. ಕೈಬರಹ ಚೆನ್ನಾಗಿತ್ತು, ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದ್ದು. ಹೆಸರುಗಳನ್ನು ಬಿಟ್ಟು ಹೇಳುವುದಾದರೆ ಅದರ ಸಾರ ಇಷ್ಟು: ಮದುವೆಯಾಗದ ಇಂಥವಳ ‘ನತುರಾಲ್’ ಮಗ, ತಂದೆ ಅಜ್ಞಾತ, ತಾಯಿಯ ಕಡೆಯಿಂದ ಇಂಥ ಅಜ್ಜ ಅಜ್ಜಿಯರ ಮೊಮ್ಮಗ, ತಂದೆಯ ಕಡೆಯ ಅಜ್ಜ ಅಜ್ಜಿ ಅಜ್ಞಾತ.

ನಾನು ಓದಿ ಹೇಳುವಾಗ ಅವರು ಸುಮ್ಮನಿದ್ದರು. ಆಮೇಲೆ, “ಇದು ಬೈಗಳ ಏನ್ರೀ ಸರ?” ಎಂದು ಕೇಳಿದರು. “ಬೈಗಳ ಅಲ್ರೀ ಅಣ್ಣಾರ, ಕಾನೂನಿನ ಮಾತು” ಎಂದೆ. ಆ ಉತ್ತರ ತಪ್ಪಲ್ಲ, ಆದರೆ ಅಷ್ಟಕ್ಕೇ ನಿಲ್ಲಿಸುವಂಥದ್ದೂ ಅಲ್ಲ. ಕಾನೂನಿನ ಮಾತು ಯಾವಾಗ ಬೈಗಳದ ಕೆಲಸ ಮಾಡುತ್ತದೆ, ಯಾವಾಗ ಮಾಡುವುದಿಲ್ಲ ಎಂಬುದನ್ನು ತಿಳಿಯಲು ಆ ಪುಸ್ತಕಗಳು ಹೇಗೆ ಹುಟ್ಟಿದವು ಎಂಬಲ್ಲಿಂದಲೇ ಶುರು ಮಾಡಬೇಕು.

ಚರ್ಚುಗಳಲ್ಲಿ ಹುಟ್ಟು, ಮದುವೆ, ಸಾವುಗಳನ್ನು ಬರೆದಿಡುವ ರೂಢಿ ಪೋರ್ಚುಗಲ್ಲಿನಲ್ಲಿ ಹದಿನಾರನೆಯ ಶತಮಾನದಲ್ಲಿ ಗಟ್ಟಿಯಾಯಿತು. ಲಿಸ್ಬನ್ ಧರ್ಮಪ್ರಾಂತ್ಯದ 1536ರ ನಿಯಮಾವಳಿ ಈಗಾಗಲೇ ಇದನ್ನು ವಿಧಿಸಿತ್ತು. 1563ರಲ್ಲಿ ಕ್ಯಾಥೊಲಿಕ್ ಚರ್ಚಿನ ಟ್ರೆಂಟ್ ಮಹಾಸಭೆ, ಪಾದ್ರಿ ಮತ್ತು ಸಾಕ್ಷಿಗಳ ಮುಂದೆ ನಡೆಯದ ಮದುವೆ ಮದುವೆಯೇ ಅಲ್ಲ ಎಂದು ಸಾರಿ, ಪ್ರತಿಯೊಬ್ಬ ಪಾದ್ರಿಯೂ ಮದುವೆಯ ಪುಸ್ತಕ ಇಡಬೇಕೆಂದು ಆಜ್ಞೆ ಮಾಡಿತು. ನಮ್ಮ ವಿಷಯಕ್ಕೆ ಇದು ದೊಡ್ಡ ತಿರುವು. ಅದಕ್ಕೂ ಮೊದಲು ಗಂಡು ಹೆಣ್ಣು ಪರಸ್ಪರ ಮಾತು ಕೊಟ್ಟುಕೊಂಡು ಸಂಸಾರ ಹೂಡಿದರೂ ಅದನ್ನು ಮದುವೆಯೆಂದು ಒಪ್ಪುವ ಅವಕಾಶವಿತ್ತು. ಪುಸ್ತಕ ಬಂದ ಮೇಲೆ ಗೆರೆ ಸ್ಪಷ್ಟವಾಯಿತು. ಪುಸ್ತಕದಲ್ಲಿ ಮದುವೆ ಇಲ್ಲದಿದ್ದರೆ ಮಗು ಗೆರೆಯ ಆಚೆಗೆ ಸೇರಿತು.

1614ರಲ್ಲಿ ಪೋಪ್ ಐದನೆಯ ಪೌಲನ ಕಾಲದಲ್ಲಿ ಹೊರಬಂದ ರೋಮನ್ ವಿಧಿಗ್ರಂಥ, ಇಂಥ ಮಗುವಿನ ದಾಖಲೆಯನ್ನು ಹೇಗೆ ಬರೆಯಬೇಕೆಂದು ಹೇಳಿದೆ. ತಂದೆ ತಾಯಿಯರಲ್ಲಿ ಯಾರು ಖಚಿತವಾಗಿ ಗೊತ್ತಿದ್ದಾರೋ ಅವರ ಹೆಸರನ್ನಾದರೂ ಬರೆಯಬೇಕು, ಆದರೆ ಯಾರಿಗೂ ಅಪಕೀರ್ತಿ ಬರುವಂತೆ ಬರೆಯಬಾರದು. ಇಬ್ಬರೂ ಗೊತ್ತಿಲ್ಲದಿದ್ದರೆ ತಂದೆ ತಾಯಿ ಅಜ್ಞಾತ ಎಂದೇ ಬರೆಯಬೇಕು. ಈ ನಿಯಮವನ್ನು ಓದಿದಾಗ ಅದರ ಹಿಂದಿನ ಕಾಳಜಿ ನಿಜವೆಂದೇ ನನಗೆ ಅನ್ನಿಸಿತು. ಪಾದ್ರಿಗೆ ಊರಿನ ಮಾತೆಲ್ಲ ಕಿವಿಗೆ ಬಿದ್ದಿರುತ್ತಿತ್ತು, ಆದರೂ ಕೇಳಿದ್ದನ್ನೆಲ್ಲ ಬರೆಯುವಂತಿರಲಿಲ್ಲ. ಆದರೆ ಆ ಕಾಳಜಿಯ ಫಲ ಸಿಕ್ಕಿದ್ದು ಯಾರಿಗೆ ಎಂದು ನೋಡಬೇಕು. ಹೆರಿಗೆಯನ್ನು ಮುಚ್ಚಿಡಲಾಗದ ತಾಯಿ ಹೇಗೂ ಗೊತ್ತಾಗುತ್ತಿದ್ದಳು, ಅವಳ ಹೆಸರು ಪುಸ್ತಕಕ್ಕೆ ಏರಿತು. ತಾನಾಗಿ ಮುಂದೆ ಬಂದು ಒಪ್ಪಿಕೊಳ್ಳದ ತಂದೆ ‘ಅಜ್ಞಾತ’ನಾಗಿ ಉಳಿದ. ಊರಿಗೆಲ್ಲ ಗೊತ್ತಿದ್ದ ಗಂಡಸು ಕೂಡ ಪುಸ್ತಕದಲ್ಲಿ ಅಜ್ಞಾತನಾಗಿರುತ್ತಿದ್ದ. ಹೀಗಾಗಿ ಆ ಪದವನ್ನು ಓದುವಾಗ, ಆ ತಾಯಿಗೆ ತನ್ನ ಮಗುವಿನ ತಂದೆ ಯಾರೆಂದು ಗೊತ್ತಿರಲಿಲ್ಲ ಎಂದು ಅರ್ಥ ಮಾಡಿಕೊಳ್ಳುವುದು ಅನ್ಯಾಯ. ಹೇಳಬಹುದಾದ ಹೆಸರನ್ನು ಬರೆಯಲಾಗಲಿಲ್ಲ ಎಂಬುದಷ್ಟೇ ಅದರ ಅರ್ಥ. ಕೆಲವು ಹಳೆಯ ದಾಖಲೆಗಳಲ್ಲಿ, ವಿಶೇಷವಾಗಿ ಉತ್ತರ ಪೋರ್ಚುಗಲ್ಲಿನ ಕಡೆ, ‘ತಾಯಿ ಇಂಥವನನ್ನು ತಂದೆಯೆಂದು ಹೇಳಿದಳು’ ಎಂಬ ಸಾಲು ಸಿಗುತ್ತದೆ. ಪಾದ್ರಿ ಅದನ್ನು ತನ್ನ ಮಾತೆಂದು ಬರೆಯಲಿಲ್ಲ, ಅವಳ ಮಾತೆಂದು ಬರೆದ. ಆದರೂ ಬರೆದ. ಅಂಥ ಸಾಲು ಕಂಡಾಗ ನನಗೆ ಆ ಪಾದ್ರಿಯ ಮೇಲೆ ಗೌರವ ಮೂಡುತ್ತದೆ.

ಇನ್ನು ವಿಂಗಡಣೆ. ‘ನತುರಾಲ್’ ಮಗು ಎಂದರೆ ಮದುವೆಯಾಗಲು ಯಾವ ಅಡ್ಡಿಯೂ ಇಲ್ಲದ ಇಬ್ಬರಿಗೆ ಹುಟ್ಟಿದ ಮಗು: ಇಬ್ಬರೂ ಮದುವೆಯಾಗದವರು, ಇಲ್ಲವೆ ವಿಧವೆ, ವಿಧುರರು. ಅವರು ಮುಂದೆ ಮದುವೆಯಾದರೆ ಆ ಮದುವೆಯ ಬಲದಿಂದಲೇ ಮಗು ಸಕ್ರಮವಾಗುತ್ತಿತ್ತು, ಅದನ್ನು ದಾಖಲೆಯ ಅಂಚಿನಲ್ಲಿ ಆಮೇಲೆ ಬರೆಯುತ್ತಿದ್ದರು. ‘ಎಸ್ಪುರಿಯು’ ಎಂದರೆ ಆ ದಾರಿಯೇ ಇಲ್ಲದ ಮಗು. ತಂದೆಗೋ ತಾಯಿಗೋ ಬೇರೆ ಮದುವೆ ಆಗಿದ್ದರೆ, ಇಬ್ಬರೂ ಹತ್ತಿರದ ರಕ್ತಸಂಬಂಧಿಗಳಾಗಿದ್ದರೆ, ಇಲ್ಲವೆ ತಂದೆ ಪಾದ್ರಿಯೋ ಸನ್ಯಾಸಿಯೋ ಆಗಿದ್ದರೆ ಮಗು ಈ ಗುಂಪಿಗೆ ಸೇರುತ್ತಿತ್ತು. ಪಾದ್ರಿಗಳ ಮಕ್ಕಳಿಗೆ ‘ಧರ್ಮದ್ರೋಹದಿಂದ ಹುಟ್ಟಿದ’ ಎಂಬರ್ಥದ ಪ್ರತ್ಯೇಕ ಹೆಸರೇ ಇತ್ತು. ಹುಟ್ಟಿದ ಮಗು ಯಾವ ದ್ರೋಹ ಮಾಡಿತ್ತು? ಈ ಎಲ್ಲ ಪದಗಳೂ ತಂದೆ ತಾಯಿಯರ ಸ್ಥಿತಿಯನ್ನು ಅಳೆಯುವ ಪದಗಳು. ಬರೆದದ್ದು ಮಾತ್ರ ಮಗುವಿನ ಹೆಸರಿನ ಪಕ್ಕದಲ್ಲಿ. ತಂದೆಯ ಹೆಸರಿನ ಪಕ್ಕದಲ್ಲಿ ‘ವ್ಯಭಿಚಾರಿ’ ಎಂದು ಯಾವ ಪಾದ್ರಿಯೂ ಬರೆಯಬೇಕಾಗಿರಲಿಲ್ಲ. ನನ್ನ ತಕರಾರೆಲ್ಲ ಇರುವುದು ಇಲ್ಲಿಯೇ.

ಆ ಪದ ಜ್ಞಾನಸ್ನಾನದ ದಿನಕ್ಕೆ ಮುಗಿಯುತ್ತಿರಲಿಲ್ಲ. ಮಗು ಬೆಳೆದು ಮದುವೆಯಾದಾಗ ಮದುವೆಯ ಪುಸ್ತಕದಲ್ಲೂ ‘ಇಂಥವಳ ನತುರಾಲ್ ಮಗ’ ಎಂದು ಬರುತ್ತಿತ್ತು. ಅವನು ಪಾದ್ರಿಯಾಗಬೇಕೆಂದರೆ ಹುಟ್ಟಿನ ಕೊರತೆಯನ್ನು ಮನ್ನಿಸುವ ವಿಶೇಷ ಅಪ್ಪಣೆ ಬೇಕಾಗುತ್ತಿತ್ತು. ಕ್ಯಾಥೊಲಿಕ್ ಚರ್ಚಿನ ಕಾನೂನಿನಿಂದ ಈ ನಿರ್ಬಂಧ ಪೂರ್ತಿಯಾಗಿ ಹೋದದ್ದು 1983ರ ಹೊಸ ಸಂಹಿತೆ ಬಂದಾಗ. ಆಸ್ತಿಯ ವಿಷಯದಲ್ಲಂತೂ ಅದು ನೇರವಾದ ಏಟು. 1603ರ ಫಿಲಿಪೈನ್ ಕಾನೂನು ಸಂಹಿತೆ (ಪೋರ್ಚುಗಲ್ಲನ್ನೂ ಆಳುತ್ತಿದ್ದ ಸ್ಪೇನಿನ ಫಿಲಿಪ್ ದೊರೆಗಳ ಹೆಸರು ಅದಕ್ಕೆ) ಒಂದು ವಿಚಿತ್ರ ಭೇದ ಮಾಡಿತ್ತು. ತಂದೆ ಸಾಮಾನ್ಯ ಪ್ರಜೆಯಾಗಿದ್ದರೆ ಅವನ ನತುರಾಲ್ ಮಕ್ಕಳು ಸಕ್ರಮ ಮಕ್ಕಳ ಜತೆ ಸಮನಾಗಿ ಆಸ್ತಿ ಪಡೆಯಬಹುದಿತ್ತು. ತಂದೆ ಸರದಾರನೋ ಅದಕ್ಕಿಂತ ಮೇಲಿನ ಅಂತಸ್ತಿನವನೋ ಆಗಿದ್ದರೆ ಸಕ್ರಮ ಮಕ್ಕಳಿರುವಾಗ ಅವರಿಗೆ ಆ ಪಾಲಿಲ್ಲ.

ಇದನ್ನು ಮೊದಲು ಓದಿದಾಗ ನನಗೆ ನೆನಪಾದದ್ದು ಮರತೂರು. ಕಲಬುರಗಿಯಿಂದ ಶಹಾಬಾದಿನ ಕಡೆಗೆ ಹೋಗುವಾಗ ಸಿಗುವ ಆ ಊರನ್ನು ನಮ್ಮ ಭಾಗದಲ್ಲಿ ವಿಜ್ಞಾನೇಶ್ವರನ ಊರೆಂದು ಅಭಿಮಾನದಿಂದ ಹೇಳುತ್ತೇವೆ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಅಂದರೆ 1076ರಿಂದ 1126ರ ನಡುವೆ, ಈಗಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ ಕುಳಿತು ಅವನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಮಿತಾಕ್ಷರಾ ವ್ಯಾಖ್ಯಾನವು ಮುಂದೆ ದೇಶದ ಬಹುಭಾಗಕ್ಕೆ ಆಸ್ತಿ ಹಂಚಿಕೆಯ ಕಾನೂನಾಯಿತು. ಆ ಸ್ಮೃತಿಯಲ್ಲೂ ಹನ್ನೆರಡು ಬಗೆಯ ಮಕ್ಕಳ ಪಟ್ಟಿ ಇದೆ. ಧರ್ಮಪತ್ನಿಯಲ್ಲಿ ಹುಟ್ಟಿದವನು ಔರಸ. ಮದುವೆಯಾಗದ ಕನ್ಯೆಗೆ ಹುಟ್ಟಿದವನು ಕಾನೀನ, ಅವನು ತಾಯಿಯ ತಂದೆಗೆ ಮಗನಿದ್ದಂತೆ. ಮನೆಯಲ್ಲಿ ಗುಟ್ಟಾಗಿ ಹುಟ್ಟಿದವನು ಗೂಢಜ. ಗರ್ಭಿಣಿಯಾಗಿದ್ದವಳನ್ನು ಮದುವೆಯಾದಾಗ ಅವಳ ಜತೆ ಬಂದವನು ಸಹೋಢಜ. ತಂದೆ ತಾಯಿ ಬಿಟ್ಟುಬಿಟ್ಟು ಬೇರೆಯವರು ಎತ್ತಿಕೊಂಡು ಸಾಕಿದವನು ಅಪವಿದ್ಧ. ಲಿಸ್ಬನ್ನಿನ ಪಾದ್ರಿ ‘ಎಂಜೈತಾದು’ ಎಂದು ಬರೆಯುತ್ತಿದ್ದುದು ಈ ಅಪವಿದ್ಧನನ್ನೇ.

ಹೋಲಿಕೆ ಅಲ್ಲಿಗೆ ಮುಗಿಯುವುದಿಲ್ಲ. ದಾಸಿಯಲ್ಲಿ ಹುಟ್ಟಿದ ಮಗನಿಗೆ ಪಾಲುಂಟೆ ಎಂಬ ಪ್ರಶ್ನೆಗೆ ಮಿತಾಕ್ಷರಾ ಕೊಡುವ ಉತ್ತರವೂ ತಂದೆಯ ಅಂತಸ್ತನ್ನೇ ಹಿಡಿದು ನಡೆಯುತ್ತದೆ. ತಂದೆ ಶೂದ್ರನಾಗಿದ್ದರೆ ಅವನು ತನ್ನ ಇಚ್ಛೆಯಂತೆ ಆ ಮಗನಿಗೆ ಪಾಲು ಕೊಡಬಹುದು, ತಂದೆ ಸತ್ತ ಮೇಲೆ ಔರಸ ಸಹೋದರರು ಅರ್ಧ ಪಾಲು ಕೊಡಬೇಕು. ತಂದೆ ಮೇಲಿನ ಮೂರು ವರ್ಣದವನಾಗಿದ್ದರೆ ಆ ಮಗನಿಗೆ ಅನ್ನ ಬಟ್ಟೆ ಮಾತ್ರ, ಪಾಲಿಲ್ಲ. ಸಮುದ್ರದ ಆಚೆ ಈಚೆಯ ಎರಡು ಕಾನೂನುಗಳು ಒಂದನ್ನೊಂದು ಕಂಡಿರಲಿಲ್ಲ, ಅವುಗಳ ನಡುವೆ ಐದು ಶತಮಾನಗಳ ಅಂತರವಿತ್ತು. ಆದರೂ ಎರಡೂ ಕಡೆ ಬಡವನ ಮನೆಯಲ್ಲಿ ಅಂಥ ಮಗುವಿಗೆ ಜಾಗ ಸಿಕ್ಕಿತು, ದೊಡ್ಡ ಮನೆಯಲ್ಲಿ ಸಿಗಲಿಲ್ಲ. ಕಾಯಬೇಕಾದ ಆಸ್ತಿಯೂ ವಂಶದ ಹೆಸರೂ ಇದ್ದಲ್ಲಿ ಮಗುವನ್ನು ಹೊರಗಿಡುವ ಕಟ್ಟಳೆ ಬಿಗಿಯಾಗುತ್ತದೆ ಎಂದೇ ನಾನು ಇದನ್ನು ಓದಿಕೊಳ್ಳುತ್ತೇನೆ.

ಮಿತಾಕ್ಷರಾ ಬರೆದ ಅದೇ ಕಲ್ಯಾಣದಲ್ಲಿ, ಕೆಲವೇ ದಶಕಗಳ ನಂತರ, ಬಸವಣ್ಣನವರು ಒಂದು ವಚನದಲ್ಲಿ ತಮ್ಮ ಹುಟ್ಟನ್ನು ಬೇರೆಯೇ ರೀತಿಯಲ್ಲಿ ಹೇಳಿಕೊಂಡರು. ಚೆನ್ನಯ್ಯನ ಮನೆಯ ದಾಸನ ಮಗನೂ ಕಕ್ಕಯ್ಯನ ಮನೆಯ ದಾಸಿಯ ಮಗಳೂ ಹೊಲಕ್ಕೆ ಬೆರಣಿಗೆ ಹೋದಾಗ ಕೂಡಿದರು, ಅವರಿಬ್ಬರಿಗೆ ಹುಟ್ಟಿದ ಮಗ ನಾನು ಎಂದು ಅವರು ಕೂಡಲಸಂಗಮನನ್ನು ಸಾಕ್ಷಿಗೆ ಕರೆಯುತ್ತಾರೆ. ಬ್ರಾಹ್ಮಣ ಮನೆಯಲ್ಲಿ ಹುಟ್ಟಿದವರು ಜಾತಿಯ ಜತೆಗೆ ಔರಸತ್ವವನ್ನೂ ಬೇಕೆಂದೇ ಬಿಟ್ಟುಕೊಟ್ಟ ಮಾತು ಅದು. ಪಟ್ಟಿಯಲ್ಲಿ ಕೆಳಗಿಟ್ಟ ಹುಟ್ಟನ್ನು ತನ್ನದೆಂದು ಹೇಳಿಕೊಂಡ ಇಂಥ ಮಾತು ಪೋರ್ಚುಗಲ್ಲಿನ ದಾಖಲೆಗಳಲ್ಲಿ ನನಗೆ ಸಿಕ್ಕಿಲ್ಲ.

ಅಲ್ಲಿ ಸಿಕ್ಕುವುದು ರಾಜಾಜ್ಞೆಯಿಂದ ಪಾರಾದವರು. ಅರಸನ ಬಳಿ ಅರ್ಜಿ ಹಾಕಿ ಸಕ್ರಮಪತ್ರ ಪಡೆಯುವ ವ್ಯವಸ್ಥೆ ಇತ್ತು, ಪಾದ್ರಿಗಳೂ ತಮ್ಮ ಮಕ್ಕಳಿಗಾಗಿ ಅದನ್ನು ಪಡೆದಿದ್ದಾರೆ. ಗೋವೆಯನ್ನು ಗೆದ್ದ ಅಲ್ಬುಕರ್ಕ್ ಮದುವೆಯಾದವನಲ್ಲ. ಅವನ ಏಕೈಕ ಮಗ ಬ್ರಾಜ್ 1506ರಲ್ಲಿ ಸಕ್ರಮನಾದ. ತಂದೆ ತೀರಿಕೊಂಡ ಮೇಲೆ ದೊರೆ ಮನುಯೆಲ್ ಅವನಿಗೆ ತಂದೆಯ ಹೆಸರನ್ನೇ ಇಟ್ಟುಕೊಳ್ಳುವಂತೆ ಹೇಳಿದ, 1557ರಲ್ಲಿ ಆ ಮಗನೇ ತಂದೆಯ ಸಾಹಸಗಳ ಚರಿತ್ರೆಯನ್ನು ಪ್ರಕಟಿಸಿದ. ಅದಕ್ಕೂ ಹಿಂದೆ, 1385ರಲ್ಲಿ ಪೋರ್ಚುಗಲ್ಲಿನ ದೊರೆಯಾದ ಒಂದನೆಯ ಜೊವಾವ್ ಸ್ವತಃ ಮದುವೆಯಾಚೆ ಹುಟ್ಟಿದವನು. ಅವನಿಗೆ ಮದುವೆಯಾಚೆ ಹುಟ್ಟಿದ ಮಗನೇ 1442ರಲ್ಲಿ ಬ್ರಗಾಂಸಾದ ಮೊದಲ ಡ್ಯೂಕ್ ಆದ, ಆ ಮನೆತನವೇ 1640ರಿಂದ ರಾಜಪ್ರಭುತ್ವ ಅಳಿಯುವವರೆಗೆ ಪೋರ್ಚುಗಲ್ಲನ್ನು ಆಳಿತು. ಇಂಥ ಹೆಸರುಗಳನ್ನು ಮುಂದೆ ಹಿಡಿದು ಆ ಕಾಲದ ಸಮಾಜ ಉದಾರವಾಗಿತ್ತೆಂದು ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ರಾಜನ ಬಾಗಿಲವರೆಗೆ ಹೋಗಬಲ್ಲವರಿಗೆ ಬಾಗಿಲು ತೆರೆಯಿತು, ಅಷ್ಟೇ. ಗೋವೆಯಲ್ಲಿ ಪೋರ್ಚುಗೀಸರ ಮನೆಗಳಲ್ಲಿ ದುಡಿಯುತ್ತಿದ್ದ ಗುಲಾಮ ಹೆಂಗಸರ ಮಕ್ಕಳಿಗೆ ದಾಖಲೆಯಲ್ಲಿ ಉಳಿದದ್ದು ತಾಯಿಯ ಹೆಸರು ಮತ್ತು ಅವಳ ಒಡೆಯನ ಹೆಸರು. ಆ ಒಡೆಯನೇ ತಂದೆಯೂ ಆಗಿದ್ದ ಪಕ್ಷದಲ್ಲಿ ಅವನ ಹೆಸರು ಪುಟದ ಮೇಲೆ ಇರುತ್ತದೆ, ತಂದೆಯಾಗಿ ಮಾತ್ರ ಇರುವುದಿಲ್ಲ.

ಉತ್ತರ ಪೋರ್ಚುಗಲ್ಲಿನ ಮಿನ್ಯು ಪ್ರಾಂತ್ಯದಲ್ಲಿ ಮದುವೆಯಾಚೆಯ ಹುಟ್ಟುಗಳು ಬಹಳ ಹೆಚ್ಚಾಗಿದ್ದವು ಎಂದು ಅಲ್ಲಿನ ಜನಸಂಖ್ಯಾ ಇತಿಹಾಸಕಾರರು ಈ ಪುಸ್ತಕಗಳಿಂದಲೇ ತೋರಿಸಿದ್ದಾರೆ. ಕಾರಣ ನಡತೆಗೇಡಿತನವಲ್ಲ. ಗಂಡಸರು ದುಡಿಮೆಗೆಂದು ಬ್ರೆಜಿಲ್ಲಿಗೆ ಹೋಗುತ್ತಿದ್ದರು, ಊರಲ್ಲಿ ಮದುವೆಯಾಗಬಲ್ಲ ಗಂಡಸರು ಕಡಿಮೆ. ಹೊಲ ಚೂರಾಗಬಾರದೆಂದು ಒಬ್ಬರಿಗೇ ಉಳಿಸುವ ರೂಢಿ ಇದ್ದುದರಿಂದ ಉಳಿದವರಿಗೆ ಸಂಸಾರ ಹೂಡಲು ನೆಲೆಯಿರಲಿಲ್ಲ, ಮದುವೆ ತಡವಾಗುತ್ತಿತ್ತು, ಅನೇಕರಿಗೆ ಆಗುತ್ತಲೇ ಇರಲಿಲ್ಲ. ಯಾದಗಿರಿ, ಸೇಡಂ, ಚಿತ್ತಾಪುರದ ಹಳ್ಳಿಗಳಿಂದ ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರಿಗೆ ಗುಳೆ ಹೋಗುವ ಸಂಸಾರಗಳನ್ನು ಕಂಡವರಿಗೆ, ಗಂಡಸರು ಖಾಲಿಯಾದ ಊರಲ್ಲಿ ಹೆಂಗಸರ ಬದುಕು ಹೇಗಿದ್ದೀತೆಂದು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಪದ ‘ಎಷ್ಪೋಷ್ಟು’, ಬಿಟ್ಟುಹೋದ ಮಗು. 1783ರಲ್ಲಿ ಪೋಲಿಸ್ ಮುಖ್ಯಾಧಿಕಾರಿಯಾಗಿದ್ದ ಪಿನ ಮನೀಕ್, ಊರೂರಿಗೂ ‘ರೋದ’ ಇರಬೇಕೆಂದು ಸುತ್ತೋಲೆ ಹೊರಡಿಸಿದ. ರೋದ ಎಂದರೆ ಗೋಡೆಯಲ್ಲಿ ಕೂರಿಸಿದ, ತಿರುಗುವ ಮರದ ಉರುಳೆಪೆಟ್ಟಿಗೆ. ಹೊರಗಿನಿಂದ ಮಗುವನ್ನು ಅದರೊಳಗೆ ಮಲಗಿಸಿ ಗಂಟೆ ಬಾರಿಸಿದರೆ ಒಳಗಿದ್ದ ಹೆಂಗಸು ಪೆಟ್ಟಿಗೆಯನ್ನು ತಿರುಗಿಸಿ ಮಗುವನ್ನು ಎತ್ತಿಕೊಳ್ಳುತ್ತಿದ್ದಳು. ಬಿಟ್ಟವರ ಮುಖ ಅವಳಿಗೆ ಕಾಣುತ್ತಿರಲಿಲ್ಲ. ದೊಡ್ಡ ಊರುಗಳಲ್ಲಿ ಮಿಸೆರಿಕಾರ್ದಿಯಾ ಎಂಬ ಧರ್ಮಸಂಸ್ಥೆಗಳು ಈ ಕೆಲಸವನ್ನು ಆಗಲೇ ನಡೆಸುತ್ತಿದ್ದವು. ಲಿಸ್ಬನ್ನಿನ ಮಿಸೆರಿಕಾರ್ದಿಯಾ 1498ರದ್ದು. ಮಗು ಒಳಬಂದ ಕೂಡಲೇ ಅದು ಬಂದ ಹೊತ್ತು, ಮೈಮೇಲಿನ ಬಟ್ಟೆ, ಜತೆಗಿದ್ದ ವಸ್ತು ಎಲ್ಲವನ್ನೂ ಬರೆದಿಡುತ್ತಿದ್ದರು. ಮೊದಲೇ ಜ್ಞಾನಸ್ನಾನ ಆಗಿದೆಯೋ ಇಲ್ಲವೋ ತಿಳಿಯದಿದ್ದರೆ ಪಾದ್ರಿ ‘ನಿನಗೆ ಇನ್ನೂ ಜ್ಞಾನಸ್ನಾನ ಆಗಿರದಿದ್ದರೆ’ ಎಂಬ ಶರತ್ತಿನ ಮಾತು ಸೇರಿಸಿ ಜ್ಞಾನಸ್ನಾನ ಮಾಡಿಸುತ್ತಿದ್ದ, ದಾಖಲೆಯಲ್ಲೂ ಹಾಗೆಯೇ ಬರೆಯುತ್ತಿದ್ದ.

ಆ ಮಕ್ಕಳ ಜತೆ ಬಂದ ಗುರುತುಗಳನ್ನು ಲಿಸ್ಬನ್ನಿನ ಮಿಸೆರಿಕಾರ್ದಿಯಾ ತನ್ನ ಪತ್ರಾಗಾರದಲ್ಲಿ ಇಂದಿಗೂ ಕಾಪಾಡಿದೆ. ಒಂದು ರಿಬ್ಬನ್ನಿನ ತುಂಡು, ಒಂದು ಪದಕ, ಅಂಕುಡೊಂಕಾಗಿ ಕತ್ತರಿಸಿದ ಇಸ್ಪೀಟಿನ ಎಲೆಯ ಅರ್ಧ. ಇನ್ನರ್ಧ ತಾಯಿಯ ಬಳಿ ಉಳಿಯುತ್ತಿತ್ತು, ಮುಂದೆಂದಾದರೂ ಮಗುವನ್ನು ಕೇಳಿಕೊಂಡು ಬಂದರೆ ಎರಡೂ ಅಂಚುಗಳು ಕೂಡಬೇಕು. ಕೆಲವದರ ಜತೆ ಚೀಟಿ: ಮಗು ಇಂಥ ದಿನ ಇಂಥ ಹೊತ್ತಿಗೆ ಹುಟ್ಟಿತು, ಇಂಥ ಹೆಸರಿಡಿ, ಮುಂದೆ ಬಂದು ಕರೆದೊಯ್ಯುತ್ತೇವೆ. ಈ ಚೀಟಿಗಳಲ್ಲಿ ಕೆಲವು ಮದುವೆಯಾದ ದಂಪತಿಗಳವು, ಬಡತನವೊಂದೇ ಕಾರಣ. ಆದುದರಿಂದ ‘ಎಷ್ಪೋಷ್ಟು’ ಎಂದು ಬರೆದ ಮಗುವೆಲ್ಲ ಮದುವೆಯಾಚೆ ಹುಟ್ಟಿದ್ದೆಂದು ತೀರ್ಮಾನಿಸುವುದು ತಪ್ಪು. ಹಾಲೂಡಿಸಲು ಸಂಬಳದ ದಾದಿಯರನ್ನು ಗೊತ್ತುಮಾಡುತ್ತಿದ್ದರು. ಹೆತ್ತ ತಾಯಿಯೇ ದಾದಿಯಾಗಿ ಬಂದು ತನ್ನ ಮಗುವನ್ನೇ ಸಂಬಳಕ್ಕೆ ಸಾಕಿದ ಪ್ರಸಂಗಗಳೂ ಇವೆ. ಆದರೆ ಉಳಿದ ಮಕ್ಕಳು ಕಡಿಮೆ. ಸೇರಿದ ಸಾಲಿನ ಪಕ್ಕದಲ್ಲೇ ಸತ್ತ ದಿನವನ್ನು ಬರೆದ ಪುಟಗಳು ಒಂದಾದ ಮೇಲೊಂದು ಬರುತ್ತವೆ. ಉಳಿದವರಿಗೆ ಮನೆತನದ ಹೆಸರಿಲ್ಲದ್ದರಿಂದ ‘ಯೇಸುವಿನ’, ‘ಸಂತರ’ ಎಂಬಂಥ ಭಕ್ತಿಯ ಹೆಸರುಗಳು ಸಿಕ್ಕಿದವು, ಕೆಲವರಿಗೆ ‘ಎಷ್ಪೋಷ್ಟು’ ಎಂಬುದೇ ಅಡ್ಡಹೆಸರಾಗಿ ಮಕ್ಕಳು ಮೊಮ್ಮಕ್ಕಳವರೆಗೆ ಇಳಿಯಿತು.

ವಾಡಿಯ ಹಿರಿಯರ ದಾಖಲೆ ಅಷ್ಟು ವಿವರವಾಗಿ ಇದ್ದುದಕ್ಕೂ ಕಾರಣವಿದೆ. ಪೋರ್ಚುಗಲ್ಲಿನಲ್ಲಿ 1860ರಿಂದ ಚರ್ಚಿನ ದಾಖಲೆಗಳು ಒಂದೇ ನಮೂನೆಗೆ ಬಂದು, ಹುಟ್ಟಿದ ಗಂಟೆ, ಎರಡೂ ಕಡೆಯ ಅಜ್ಜ ಅಜ್ಜಿಯರ ಹೆಸರು ಎಲ್ಲವನ್ನೂ ಬರೆಯುವುದು ಕಡ್ಡಾಯವಾಗಿತ್ತು. ನಮೂನೆ ತುಂಬಲೇಬೇಕಾದುದರಿಂದ ಅಜ್ಞಾತ ತಂದೆಯ ಜತೆಗೆ ಅವನ ತಂದೆ ತಾಯಿಯೂ ಅಜ್ಞಾತರಾದರು. ಆದರೆ ಅದೇ ನಮೂನೆಯಿಂದ ತಾಯಿಯ ಕಡೆಯ ಎರಡು ತಲೆಮಾರು ಉಳಿದುಬಂತು. ಸಕ್ರಮ ಮನೆತನಗಳ ವಂಶಾವಳಿಗಳಲ್ಲಿ ಹೆಂಗಸರ ಹೆಸರೇ ಮರೆಯಾಗುವುದನ್ನು ನೋಡುತ್ತ ಬಂದ ನನಗೆ, ಈ ಸಾಲುಗಳಲ್ಲಿ ಮಾತ್ರ ತಾಯಿ, ಅವಳ ತಾಯಿ ಇಬ್ಬರೂ ನಿಚ್ಚಳವಾಗಿ ಕಾಣುತ್ತಾರೆ. ಇದನ್ನು ಆ ಹಿರಿಯರಿಗೂ ಹೇಳಿದೆ. ಅಂಚಿನಲ್ಲಿ ಆಮೇಲೆ ಬರೆದ ಟಿಪ್ಪಣಿ ಇರಲಿಲ್ಲ, ಹಾಗಾಗಿ ಆ ತಾಯಿ ಮಗುವಿನ ತಂದೆಯನ್ನು ಮುಂದೆ ಮದುವೆಯಾದಳೋ ಇಲ್ಲವೋ ತಿಳಿಯಲು ಅದೇ ಚರ್ಚಿನ ಮದುವೆಯ ಪುಸ್ತಕದಲ್ಲಿ ಮುಂದಿನ ವರ್ಷಗಳನ್ನು ನೋಡಬೇಕೆಂದೂ ಹೇಳಿದೆ.

ಕಾನೂನು ಬದಲಾಗಲು ಬಹಳ ಕಾಲ ಹಿಡಿಯಿತು. 1867ರ ಪೋರ್ಚುಗೀಸ್ ನಾಗರಿಕ ಸಂಹಿತೆ, ತಂದೆ ಒಪ್ಪಿ ಬರೆದುಕೊಟ್ಟ ಮಕ್ಕಳಿಗೆ ಹಕ್ಕು ಕೊಟ್ಟರೂ ಎಸ್ಪುರಿಯು ಮಕ್ಕಳನ್ನು ಹೊರಗೇ ಇಟ್ಟು ಜೀವನಾಂಶಕ್ಕೆ ಸೀಮಿತಗೊಳಿಸಿತು. 1870ರಿಂದ ಅದು ಗೋವೆಗೂ ಬಂತು, ಅದರ ಕುಟುಂಬ ಕಾನೂನಿನ ಭಾಗ ಇಂದಿಗೂ ಅಲ್ಲಿ ನಡೆಯುತ್ತಿದೆ. 1910ರ ಅಕ್ಟೋಬರಿನಲ್ಲಿ ರಾಜಪ್ರಭುತ್ವ ಬಿದ್ದು ಗಣರಾಜ್ಯ ಬಂದಿತು; ಅದೇ ವರ್ಷ ಡಿಸೆಂಬರ್ 25ರಂದು, ಯೇಸು ಹುಟ್ಟಿದ ದಿನವೇ, ಮಕ್ಕಳ ರಕ್ಷಣೆಯ ಕಾನೂನು ಹೊರಬಂದು ಮದುವೆಯಾಚೆಯ ಮಕ್ಕಳ ಹಕ್ಕುಗಳನ್ನು ಹಿಗ್ಗಿಸಿತು, ಕೆಲವು ಸಂದರ್ಭಗಳಲ್ಲಿ ತಂದೆ ಯಾರೆಂದು ನ್ಯಾಯಾಲಯದಲ್ಲಿ ಕೇಳುವ ಅವಕಾಶವನ್ನೂ ಕೊಟ್ಟಿತು. 1911ರಲ್ಲಿ ಹುಟ್ಟು ಸಾವುಗಳ ನೋಂದಣಿ ಚರ್ಚಿನ ಕೈಬಿಟ್ಟು ಸರ್ಕಾರದ ಕೈಗೆ ಹೋಯಿತು. ಕೊನೆಗೆ 1976ರ ಸಂವಿಧಾನದ 36ನೆಯ ವಿಧಿ, ಮದುವೆಯಾಚೆ ಹುಟ್ಟಿದ ಮಕ್ಕಳಿಗೆ ಆ ಕಾರಣದಿಂದ ಯಾವ ಭೇದವನ್ನೂ ಮಾಡಬಾರದು, ಕಾನೂನಾಗಲಿ ಸರ್ಕಾರಿ ಕಚೇರಿಗಳಾಗಲಿ ಹುಟ್ಟಿನ ಬಗ್ಗೆ ಭೇದ ತೋರುವ ಹೆಸರುಗಳನ್ನು ಬಳಸಬಾರದು ಎಂದಿತು. ಹಕ್ಕು ಕೊಟ್ಟರೆ ಸಾಲದು, ಮಗುವನ್ನು ಕರೆಯುವ ರೀತಿಯೂ ಬದಲಾಗಬೇಕೆಂದು ಸಂವಿಧಾನದಲ್ಲೇ ಬರೆದದ್ದು ನನಗೆ ಬಹಳ ದೊಡ್ಡ ಮಾತಾಗಿ ಕಾಣುತ್ತದೆ.

ನಮ್ಮಲ್ಲಿ ಹಕ್ಕುಗಳು ಒಂದೊಂದಾಗಿ ಬಂದಿವೆ. ಹಿಂದೂ ವಿವಾಹ ಕಾಯಿದೆಯ 16ನೆಯ ಕಲಂ ಅಸಿಂಧು ಮದುವೆಯ ಮಕ್ಕಳನ್ನು ಔರಸರೆಂದೇ ಪರಿಗಣಿಸುತ್ತದೆ. ಕರ್ನಾಟಕದಿಂದಲೇ ಹೋದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2023ರಲ್ಲಿ, ಅಂಥ ಮಕ್ಕಳಿಗೆ ಪಿತ್ರಾರ್ಜಿತ ಕುಟುಂಬದ ಆಸ್ತಿಯಲ್ಲಿ ತಮ್ಮ ತಂದೆ ತಾಯಿಗೆ ಬರುವ ಪಾಲಿನೊಳಗೆ ಹಕ್ಕಿದೆ ಎಂದು ಹೇಳಿತು. ಮದುವೆಯಾಗದ ತಾಯಿ ತಂದೆಯ ಹೆಸರು ಹೇಳದೆಯೇ ಮಗುವಿನ ಪಾಲಕಳಾಗಬಹುದು, ಅವಳು ಪ್ರಮಾಣ ಮಾಡಿ ಕೊಟ್ಟ ಅಫಿಡವಿಟ್ಟಿನ ಮೇಲೆ ಜನನ ಪ್ರಮಾಣಪತ್ರ ಕೊಡಬೇಕು ಎಂದು 2015ರಲ್ಲೇ ಅದೇ ನ್ಯಾಯಾಲಯ ತೀರ್ಪು ಕೊಟ್ಟಿದೆ. ಆದರೆ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಲ್ಲಿ ‘ಅನೌರಸ ಮಕ್ಕಳು’ ಎಂಬ ಮಾತು ಇನ್ನೂ ಇದೆ. ಅವರು ತಾಯಿಗೆ ಸಂಬಂಧಿಗಳು ಎಂದು ಅದು ಹೇಳುತ್ತದೆ, ತಂದೆಯ ಮಾತೆತ್ತುವುದಿಲ್ಲ. ವಾಡಿಯ ಹಿರಿಯರು ತಂದ ಆ ಹಾಳೆಗೂ ಈ ಕಲಮಿಗೂ ನನಗೆ ಹೆಚ್ಚಿನ ವ್ಯತ್ಯಾಸ ಕಾಣುವುದಿಲ್ಲ.

ಕಲಬುರಗಿ, ಯಾದಗಿರಿ ಜಿಲ್ಲೆಗಳಲ್ಲಿ ದೇವದಾಸಿ ಪದ್ಧತಿಗೆ ಒಳಗಾದ ತಾಯಂದಿರ ಮಕ್ಕಳು ಇಂದು ನಮ್ಮ ಶಾಲೆ ಕಾಲೇಜುಗಳಲ್ಲಿ ಓದುತ್ತಿದ್ದಾರೆ. ಪದ್ಧತಿಯನ್ನು ನಿಷೇಧಿಸಿದ ಕಾಯಿದೆ 1982ರದ್ದು. ಪ್ರವೇಶದ ಅರ್ಜಿಯಲ್ಲಿ ತಂದೆಯ ಹೆಸರಿನ ಕಾಲಂ ಬಂದಾಗ ಆ ಮಕ್ಕಳು ಸೋದರಮಾವನ ಹೆಸರು ಬರೆಯುವುದನ್ನು, ಅಜ್ಜನ ಹೆಸರು ಬರೆಯುವುದನ್ನು, ಪೆನ್ನು ಹಿಡಿದು ಸುಮ್ಮನೆ ನಿಲ್ಲುವುದನ್ನು ನಾನು ನೋಡಿದ್ದೇನೆ. ಒಮ್ಮೆ ಒಂದು ಕಚೇರಿಯ ಕಿಟಕಿಯಲ್ಲಿ, ಸಾಲಿನಲ್ಲಿದ್ದವರೆಲ್ಲ ಕೇಳುವಂತೆ, “ತಂದೀ ಹೆಸರು ಯಾಕ ಇಲ್ಲ?” ಎಂದು ಗುಮಾಸ್ತರು ಒಬ್ಬ ಹುಡುಗಿಯನ್ನು ಗದರಿದರು. ಅಪಕೀರ್ತಿ ಬರುವಂತೆ ಬರೆಯಬೇಡಿ ಎಂದು 1614ರಲ್ಲಿ ಪಾದ್ರಿಗಳಿಗೆ ಹೇಳಿದ್ದ ಎಚ್ಚರ ಆ ಕಿಟಕಿಯಲ್ಲಿ ಇರಲಿಲ್ಲ. ಅರ್ಜಿಯನ್ನು ಅಚ್ಚು ಹಾಕಿಸುವಾಗ ‘ತಂದೆ ಅಥವಾ ತಾಯಿ ಅಥವಾ ಪಾಲಕರು’ ಎಂದು ಒಂದೇ ಕಾಲಂ ಇಡಲು ಹೆಚ್ಚಿನ ಖರ್ಚೇನೂ ಬರುವುದಿಲ್ಲ. ಬರುವ ವರ್ಷದ ಪ್ರವೇಶಕ್ಕೆ ನಮ್ಮ ಕಾಲೇಜಿನ ಅರ್ಜಿಯಲ್ಲಿ ಅಷ್ಟನ್ನು ಬದಲಿಸಬೇಕೆಂದು ಲಿಖಿತವಾಗಿ ಕೇಳಿದ್ದೇನೆ. ಬೇರೆ ಕಾಲೇಜು, ಪ್ರೌಢಶಾಲೆಗಳಲ್ಲಿ ಪ್ರವೇಶ ಸಮಿತಿಯ ಕೆಲಸ ನೋಡುವ ಗೆಳೆಯರೂ ತಮ್ಮ ತಮ್ಮ ಕಡೆ ಇದನ್ನು ಕೇಳಲಿ.